ಕುರುಗೋಡಿನ ಬಳೆ, ಸಿರುಗುಪ್ಪದ ಕೈ

ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅಂಗೈಗೆ ಹರಳೆಣ್ಣೆ ಸವರಿಕೊಂಡಿದ್ದರೂ ಬೆರಳಿಗೆ ಬೆರಳು ಅಂಟುತ್ತಿತ್ತು. ಎರಡು ಮೊರ ಮುಗಿದಿತ್ತು, ಇನ್ನೂ ಅರ್ಧ ಚೀಲ ಉಳಿದಿತ್ತು. ಆಗ ಬಳೆಗಾರ ಸಾಬಣ್ಣ ಬಂದು ಕಟ್ಟೆಯ ಮೇಲೆ ಬಳೆಯ ಮಲಾರ ಇಳಿಸಿದ. ಬಳ್ಳಾರಿಯಿಂದ ನಮ್ಮ ಸಿರುಗುಪ್ಪಕ್ಕೆ ತಿಂಗಳಿಗೊಮ್ಮೆ ನಡೆದು ಬರುತ್ತಿದ್ದ ಮುದುಕ. ಹದಿನೈದು ದಿನದ ಹಿಂದಷ್ಟೇ ಬಂದುಹೋದವನು ಮತ್ತೆ ಬಂದನಲ್ಲ ಎಂದು ನಾನು ತಲೆ ಎತ್ತಿದೆ. ಬಳೆ ಬೇಕೇ ಎಂದು ಅವನು ಕೂಗಲಿಲ್ಲ, ಕುಡಿಯಲು ನೀರು ಕೇಳಲಿಲ್ಲ. ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕುಳಿತ.

"ತಂಗೆವ್ವ, ನನ್ನಿಂದ ಒಂದು ತಪ್ಪಾಗೇತಿ," ಅಂದ. "ನಾಳೆ ಕುರುಗೋಡಿನಿಂದ ನಿಮ್ಮ ಮನಿಗೆ ಹೆಣ್ಣು ನೋಡಾಕ ಬರಾಕತ್ಯಾರ."

"ಯಾವ ಹೆಣ್ಣು ಸಾಬಣ್ಣ?" ಅಂದೆ. ನಮ್ಮ ಮನೆಯಲ್ಲಿದ್ದ ಹೆಣ್ಣೆಂದರೆ ಅರವತ್ತು ದಾಟಿದ ನನ್ನ ಅತ್ತೆ, ಮತ್ತು ಮದುವೆಯಾಗಿ ಹತ್ತು ವರ್ಷವಾಗಿದ್ದ ನಾನು.

"ಅದನ್ನೇ ಹ್ಯಾಂಗ ಹೇಳ್ಲಿ. ಅವರು ನೋಡಾಕ ಬರೋದು ನಿನ್ನ ಮೈದುನನ್ನ."

ನಾನು ನಕ್ಕೆ. ಅವನು ನಗಲಿಲ್ಲ. ಆಗ ನನ್ನ ಕೈ ನಿಂತಿತು.

ನನ್ನ ಮೈದುನನ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಅವನು ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಸಿಕ್ಕಿಸಿದ್ದನಂತೆ. ಅತ್ತೆ ಕುರುಗೋಡಿನ ದೊಡ್ಡ ಬಸವಣ್ಣನಿಗೆ ಹರಕೆ ಹೊತ್ತರು: ಮಗು ಉಳಿದರೆ, ದೊಡ್ಡವನಾದ ಮೇಲೆ ಏಳು ವರ್ಷ ನಿನ್ನ ಹೆಸರಿನಲ್ಲಿ ಬಯಲಾಟದಲ್ಲಿ ಹೆಣ್ಣು ವೇಷ ಕಟ್ಟಿಸುತ್ತೇನೆ. ಮಗು ಉಳಿಯಿತು. ಉಳಿದದ್ದು ಬರಿಯ ಉಳಿಯಲಿಲ್ಲ, ತೊಲೆ ಮುಟ್ಟುವಷ್ಟು ಬೆಳೆಯಿತು. ನಮ್ಮ ಒಳಬಾಗಿಲು ಗಿಡ್ಡ. ಮನೆಯವರಲ್ಲಿ ಅದಕ್ಕೆ ತಲೆ ಬಾಗಿಸುತ್ತಿದ್ದವನು ಅವನೊಬ್ಬನೇ. ಗದ್ದೆಯಲ್ಲಿ ಇಬ್ಬರ ಕೆಲಸ ಮಾಡುವ ಆಳು, ಆದರೆ ವೇಷ ಕಟ್ಟಿದರೆ ನಡಿಗೆ, ಧ್ವನಿ, ಸೆರಗು ಎಳೆದುಕೊಳ್ಳುವ ರೀತಿ, ನಾನೇ ನಾಚಬೇಕು, ಅಷ್ಟು ಹೆಣ್ಣು. ಐದು ವರ್ಷ ಕಟ್ಟಿದ್ದ, ಇನ್ನೆರಡು ಉಳಿದಿತ್ತು.

ಆ ಹರಕೆಯಿಂದ ಜೀವ ಉಳಿಯಿತು, ಮದುವೆ ಮಾತ್ರ ಹಿಡಿಯಲಿಲ್ಲ. ಮೂರು ಮನೆಯವರು ಬೇಡ ಅಂದರು. ಬಳ್ಳಾರಿಯ ಒಬ್ಬರಂತೂ ನಮ್ಮ ಮನೆಯವರ ಮುಖಕ್ಕೇ ಕೇಳಿದ್ದರು, "ನಿಮ್ಮ ತಮ್ಮಗ ಹೆಣ್ಣು ಕೊಡಬೇಕೋ, ಗಂಡು ಕೊಡಬೇಕೋ, ಮೊದಲು ಅದನ್ನ ಹೇಳ್ರಿ." ಅದನ್ನು ಕೇಳಿದ ದಿನ ಮೈದುನ ಉಣ್ಣಲಿಲ್ಲ. ಅತ್ತೆಗೆ ಹೇಳಿದ, "ಅವ್ವಾ, ಇನ್ನೊಂದು ಮನಿ ನೋಡು. ಅವರೂ ಬ್ಯಾಡ ಅಂದ್ರ ನನ್ನ ಮುಂದ ಮದುವಿ ಮಾತು ಎತ್ತಬಾರದು. ಬಸವಣ್ಣನ ಆಣಿ." ಆಣೆ ಇಟ್ಟರೆ ತಿರುಗುವ ಜಾತಿಯಲ್ಲ ಅವನು. ಅತ್ತೆಗೆ ಅದು ಗೊತ್ತು. ಹೀಗಾಗಿ ಉಳಿದ ಆ ಒಂದೇ ಒಂದು ಮನೆಯನ್ನು ಒಂದು ವರ್ಷದಿಂದ ಯಾರಿಗೂ ಕೇಳದೆ, ಎಲ್ಲಿಯೂ ಹುಡುಕದೆ, ಸೆರಗಿನ ಗಂಟಿನಂತೆ ಬಚ್ಚಿಟ್ಟುಕೊಂಡಿದ್ದರು.

ಆ ವರ್ಷ ಆಡುತ್ತಿದ್ದದ್ದು ನಗೆಯ ಆಟ. ನಮ್ಮ ಊರಿನ ಆಟದ ಮೇಷ್ಟರೇ ಕಟ್ಟಿದ್ದು. ಒಬ್ಬ ರಾಜನ ಮಗಳಿಗೆ ಹಮಾಲನೊಬ್ಬ ಗಂಡನಾಗುತ್ತಾನೆಂದು ಹಣೆಯಲ್ಲಿ ಬರೆದಿರುತ್ತದೆ. ಅದನ್ನು ತಪ್ಪಿಸಬೇಕೆಂದು ರಾಜ ಮಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿ ದೂರದ ಕೋಟೆಗೆ ಕಳಿಸುತ್ತಾನೆ. ಪೆಟ್ಟಿಗೆ ಹೊರಲು ಕೂಲಿಗೆ ಸಿಕ್ಕವನು ಬೇರೆ ಯಾರೂ ಅಲ್ಲ, ಅದೇ ಹಮಾಲ. ಭಾರ ಭಾರ ಎಂದು ಅವನು ಬೈಯುತ್ತಾನೆ, ಒಳಗಿನಿಂದ ಅವಳೂ ಬೈಯುತ್ತಾಳೆ. ಮುಖ ನೋಡದೆ ದಾರಿಯುದ್ದ ಜಗಳ, ಜಗಳದಲ್ಲೇ ಒಲುಮೆ. ಪೆಟ್ಟಿಗೆಗೆ ಒಂದು ಕಿಂಡಿ. ಅರ್ಧ ಆಟ ಆ ಕಿಂಡಿಯಿಂದ ಹೊರಬಂದ ಕೈಯೊಂದೇ ಹೆಣ್ಣಾಗಿ ಆಡಬೇಕು, ಅವನ ತಲೆಗೆ ಮೊಟಕಬೇಕು, ಬೆವರು ಒರೆಸಬೇಕು. ಹಿಂದಿನ ವರ್ಷಗಳ ಅರಗಿನ ಬಳೆ ಸದ್ದು ಮಾಡುವುದಿಲ್ಲ, ಗಾಜಿನ ಬಳೆಯೇ ಬೇಕು ಎಂದು ಮೇಷ್ಟರ ಹಟ. ಆದರೆ ಆ ಕೈಗೆ ಹಿಡಿಸುವ ಗಾಜಿನ ಬಳೆ ಎಲ್ಲಿಂದ ಬರಬೇಕು?

ಸಾಬಣ್ಣನ ಮಲಾರದಲ್ಲಿತ್ತು. ಹದಿನೈದು ದಿನದ ಹಿಂದೆ ಅವನು ಮೈದುನನ ಕೈ ಹಿಡಿದು, ಬೆರಳ ಗೆಣ್ಣು ಒತ್ತಿ ನೋಡಿ, ಮೂಲೆಯಲ್ಲಿ ಬೇರೆ ಕಟ್ಟಿಟ್ಟಿದ್ದ ಹಸಿರು ಬಳೆ ಎರಡು ಡಜನ್ ತೆಗೆದ. ಅಂಥ ಅಳತೆಯವು ಅವನ ಹತ್ತಿರ ಅವಷ್ಟೇ. ಒಂದೊಂದಾಗಿ ಏರಿದವು. ಹೇಳಿ ಮಾಡಿಸಿದಂತೆ ಕೂತವು. ಅದೇಕೆ ಅಷ್ಟು ದೊಡ್ಡ ಬಳೆ ಹೊತ್ತು ತಿರುಗುತ್ತಿದ್ದಾನೆಂದು ಕೇಳುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ.

ಈಗ ಕಟ್ಟೆಯ ಮೇಲೆ ಕೂತು ಹೇಳಿದ. ಆ ಬಳೆ ಕುರುಗೋಡಿನ ಒಬ್ಬ ಹುಡುಗಿಯದು. ಹನ್ನೆರಡಕ್ಕೇ ಮದುವೆಯಾಗುವ ಕಾಲದಲ್ಲಿ ಅವಳಿಗೆ ಹದಿನೆಂಟು. ರೂಪಕ್ಕೆ, ಗುಣಕ್ಕೆ ಕುಂದಿಲ್ಲ, ಕುಂದು ಎತ್ತರದ್ದು. ಹೆಣ್ಣು ನೋಡಲು ಬಂದವರು ಕತ್ತು ಎತ್ತಿ ನೋಡಿ, ಕತ್ತು ಇಳಿಸಿ ಹೋಗುತ್ತಿದ್ದರು. ಅವಳ ಕೈಗೆಂದೇ ಇವನು ವರ್ಷಕ್ಕೊಮ್ಮೆ ದೊಡ್ಡ ಅಳತೆ ಹೇಳಿ ತರಿಸುತ್ತಿದ್ದ. ಈ ಸಲ ಬರಿಗೈಯಲ್ಲಿ ಹೋದಾಗ ಹುಡುಗಿ ಕೇಳಿದಳು, ನನ್ನ ಬಳೆ ಎಲ್ಲಿ ಸಾಬಣ್ಣ?

"ಗಂಡಸಿಗೆ ತೊಡಿಸೀನಿ ಅನ್ನಾಕ ನಾಲಗಿ ಏಳಲಿಲ್ಲ ತಂಗೆವ್ವ," ಅಂದ. "ಸಿರುಗುಪ್ಪದಾಗ ನಿನ್ನಷ್ಟೇ ಎತ್ತರದ ಒಬ್ಬಾಕಿ ಅದಾಳವ್ವ, ಆಕಿ ಕೈ ನಿನ್ನ ಕೈ ಒಂದೇ, ಆಕಿಗೆ ಕೊಟ್ಟೆ ಅಂದುಬಿಟ್ಟೆ. ಅದನ್ನ ಅವರಜ್ಜಿ ಕೇಳಿಸಿಕೊಂಡ್ಲು. ಆ ಕುರುಗೋಡಿನ ಹುಡುಗಿಗೊಬ್ಬ ಅಣ್ಣ ಅದಾನ, ಅವನೂ ತಾಳೆಮರ. ಅವನಿಗೆ ಜೋಡಿ ಸಿಕ್ತು ಅಂತ ಅಜ್ಜಿ ಗಾಡಿ ಹೂಡಾಕ ಹೇಳಿದ್ಲು. ಮನಿ ಗುರ್ತು ಕೇಳಿದ್ಲು. ಸುಳ್ಳಿನ ಮ್ಯಾಲ ಸುಳ್ಳು ಹ್ಯಾಂಗ ಹೇಳ್ಲಿ, ಕೊಟ್ಟೆ. ತೋಬಾ ತೋಬಾ."

ಅತ್ತೆ ಒಳಗಿನಿಂದ ಎಲ್ಲ ಕೇಳಿದ್ದರು. ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆಂದು ಸಾಬಣ್ಣ ಬೆನ್ನು ಬಗ್ಗಿಸಿದ. ಅವರು ಬೈಯಲಿಲ್ಲ. "ಎಲ್ಲಿಂದ ಅಂದಿ? ಕುರುಗೋಡಿಂದನಾ?" ಅಂದರು. ಎರಡೂ ಕೈ ಮುಗಿದು ಕುರುಗೋಡಿನ ದಿಕ್ಕಿಗೆ ತಿರುಗಿದರು. ನನಗೂ ಮೈ ಜುಮ್ಮೆಂದಿತು. ಹರಕೆ ಹೊತ್ತದ್ದು ಆ ಬಸವಣ್ಣನಿಗೆ, ಈಗ ಗಾಡಿ ಹೂಡಿಸುತ್ತಿರುವವನೂ ಅವನೇ ಏನೋ. ಆದರೆ ಬರುವವರು ಹೆಣ್ಣು ಕೇಳಲು ಬರುತ್ತಾರೆ, ಕೊಡಲು ಅಲ್ಲ. ನಿಜ ತಿಳಿದು ಉಗುಳಿ ಹೋದರೆ ಅದು ನಾಲ್ಕನೆಯ ಮನೆ. ಕಡೆಯದು.

ಮರುದಿನ ರಾತ್ರಿ ಆಟ ಇತ್ತು. ಬೆಳಿಗ್ಗೆಯೇ ನಮ್ಮ ಮನೆಯವರು, "ಲೇ, ನೀನು ರಾರಾವಿಗೆ ಹೋಗಿ ಬಿತ್ತನೆ ಭತ್ತ ನೋಡಿ ಬಾ, ಹೊತ್ತು ಮುಳುಗೋದ್ರಾಗ ಬಂದ್ರ ಸಾಕು," ಎಂದು ತಮ್ಮನನ್ನು ಕಳಿಸಿದರು. ಕುರುಗೋಡಿನವರು ಬಂದು, ಉಂಡು, ನಾವು ಮೆಲ್ಲಗೆ ನಿಜ ಹೇಳಿದ ಮೇಲೆ ಹೋಗಲಿ ಎಂಬ ಯೋಚನೆ. ಅವನಿಗೆ ನಾವು ಏನೂ ಹೇಳಿರಲಿಲ್ಲ.

ಮಧ್ಯಾಹ್ನ ಗಾಡಿ ಬಂತು. ಅಜ್ಜಿ ಗಿಡ್ಡ, ಕಣ್ಣಿಗೆ ಪೊರೆ, ಬಾಯಿ ಮಾತ್ರ ಬಲು ಚುರುಕು. ಹಿಂದೆ, ಅವಳ ಕಣ್ಣಾಗಿ ಬಂದಿದ್ದ ಮೊಮ್ಮಗಳು ಇಳಿದಳು. ಇಳಿದಳು ಅಂದೆ, ಇಳಿದದ್ದು ಮುಗಿಯಲೇ ಇಲ್ಲ ಅನ್ನಿಸಿತು. ನಾನು ಅವಳಿಗೆ ಕಾಲಿಗೆ ನೀರು ಕೊಟ್ಟು, ಬಾರವ್ವ ಎಂದು ಮುಂದೆ ನಡೆದೆ. ತಲಿ ಹುಷಾರು ಎನ್ನಬೇಕೆಂದು ಒಳಬಾಗಿಲಲ್ಲಿ ತಿರುಗಿದರೆ, ಅವಳು ಆಗಲೇ ಬಾಗಿ ದಾಟಿದ್ದಳು. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಓಡಾಡಿದವಳಂತೆ. ಶಿವನೇ, ಎಂದು ಮನಸ್ಸಿನಲ್ಲೇ ಅಂದೆ.

ಊಟವಾಯಿತು. ಒಂದೇ ಬೆಡಗಿನ ಮನೆಗಳಲ್ಲಿ ಕೊಟ್ಟು ತರುವಂತಿಲ್ಲವಲ್ಲ, ಬೆಡಗು ಕೇಳಿದಳು ಅಜ್ಜಿ, ಅವರದು ನಮ್ಮದು ಬೇರೆ ಬೇರೆ ಇತ್ತು. ಅದೊಂದು ಉಪಕಾರ. ಆಮೇಲೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಇನ್ನ ಹುಡುಗೀನ ಕರೀರಿ. ಯಾಕ ಬಚ್ಚಿಡ್ತೀರಿ? ಎಷ್ಟು ಎತ್ತರ ಇದ್ರೂ ನಮಗ ಅಡ್ಡಿ ಇಲ್ಲ. ಅದು ನಮ್ಮ ಮನಿ ರೋಗ," ಅಂದಳು.

ಅತ್ತೆ ನನ್ನ ಮುಖ ನೋಡಿದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ತೊಲೆ ಎಣಿಸುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ತಲೆಯ ಮೇಲೆ ಹಸಿ ಮೇವಿನ ಹೊರೆ ಹೊತ್ತು ಮೈದುನ ಬಂದು ನಿಂತಿದ್ದ. ವೇಷದ ಬಳೆ ತೊಟ್ಟವನು ಆಟ ಮುಗಿಯುವ ತನಕ ಅದನ್ನು ತೆಗೆಯಬಾರದು, ಊರ ಸೀಮೆಯನ್ನೂ ದಾಟಬಾರದು ಎಂದು ನಮ್ಮ ಆಟದವರ ಕಟ್ಟಳೆ. ಅದು ನಮ್ಮ ಮನೆಯವರಿಗೆ ಮರೆತಿತ್ತು, ಕಾಲುವೆಯ ಹತ್ತಿರ ಸಿಕ್ಕ ಮೇಷ್ಟರಿಗೆ ಮರೆತಿರಲಿಲ್ಲ. ಹಿಂದಕ್ಕೆ ಅಟ್ಟಿದ್ದರು. ಎರಡೂ ಕೈ ಎತ್ತಿ ಹೊರೆ ಹಿಡಿದಿದ್ದನಲ್ಲ, ಹದಿನೈದು ದಿನ ಟವಲಿನಲ್ಲಿ ಮುಚ್ಚಿಕೊಂಡು ತಿರುಗಿದ್ದ ಹಸಿರು ಬಳೆಗಳು ಮೊಣಕೈವರೆಗೆ ಜಾರಿ ಘಲ್ಲೆಂದವು.

"ಅಜ್ಜಿ," ಅಂದಳು ಹುಡುಗಿ, "ನನ್ನ ಬಳಿ ಬಂದ್ವು."

"ಬಂದ್ಲೇನು ಆಕಿ? ಹ್ಯಾಂಗ ಅದಾಳ?"

"ಆಕಿ ಅಲ್ಲ ಅಜ್ಜಿ. ಆತ."

ಇಷ್ಟು ಹೇಳಿ ಅವಳಿಗೆ ನಗು ಬಂತು. ಸೆರಗು ಬಾಯಿಗೆ ತುರುಕಿದಳು, ನಿಲ್ಲಲಿಲ್ಲ. ಅಣಕದ ನಗು ನಾನು ಬಹಳ ಕೇಳಿದ್ದೆ, ಮೈದುನನ ಬೆನ್ನ ಹಿಂದೆ ಊರೆಲ್ಲ ನಗುತ್ತಿದ್ದದ್ದು. ಇದು ಅದಲ್ಲ. ಬಹಳ ದಿನ ಹುಡುಕಿದ್ದು ಹಿತ್ತಲಲ್ಲೇ ಸಿಕ್ಕರೆ ನಗುತ್ತಾರಲ್ಲ, ಅಂಥದ್ದು. ಮೈದುನ ಹೊರೆ ಇಳಿಸುವುದನ್ನೂ ಮರೆತು ಅವಳನ್ನು ನೋಡಿದ. ತನ್ನ ಕಣ್ಣಿನ ಮಟ್ಟದಲ್ಲಿ ಒಂದು ಹೆಣ್ಣಿನ ಕಣ್ಣು ಅವನು ಅದೇ ಮೊದಲು ನೋಡಿದ್ದಿರಬೇಕು.

ಅಜ್ಜಿಗೆ ನಗು ಬರಲಿಲ್ಲ. "ಎಲ್ಲಿ ಆ ಸಾಬ? ಅವನ ಮಲಾರ ಹೊಳಿಗೆ ಹಾಕ್ತೀನಿ! ಏಳೆಂಟು ಹರದಾರಿ ನಡಸಿದಂಗಾತು ನನ್ನ ಎತ್ತಿಗೆ, ಒಬ್ಬ ಗಂಡಸಿನ ಬಳಿ ನೋಡಾಕ!" ಕೊಟ್ಟಿಗೆಯ ಹಿಂದೆ ಅಡಗಿದ್ದ ಸಾಬಣ್ಣನ ಕೆಮ್ಮು ಕೇಳಿಸಿತು. ಅವಳು ಕೋಲು ಹುಡುಕಿ ಎದ್ದಳು.

ಆಗ ನನ್ನ ಅತ್ತೆ, ಯಾರ ಮುಂದೆಯೂ ದನಿ ಎತ್ತದ ನನ್ನ ಅತ್ತೆ, ಬಾಗಿಲಿಗೆ ಅಡ್ಡ ನಿಂತರು. ಹರಕೆ ಹೇಳಿದರು, ಮೂರು ಮನೆ ಹೇಳಿದರು, ಮಗನ ಆಣೆ ಹೇಳಿದರು. "ನೀವು ಹೆಣ್ಣು ಕೇಳಾಕ ಬಂದ್ರಿ, ನನ್ನ ಹತ್ರ ಇಲ್ಲ. ನಿಮ್ಮ ಹೆಣ್ಣು ಕೊಡ್ರಿ ಅಂತ ನಾನೇ ಕೇಳ್ತೀನಿ. ಬ್ಯಾಡ ಅಂದ್ರ ಅವನಿಗೆ ಇನ್ನೊಂದು ಮನಿ ಇಲ್ಲ," ಅಂದರು.

ಎದ್ದಿದ್ದ ಅಜ್ಜಿ ಮತ್ತೆ ಕುಳಿತಳು. "ಮದುವಿ ಆದ ಮ್ಯಾಲ ವೇಷ ಬಿಡ್ತಾನೇನು?" ಅಂದಳು.

"ಎರಡು ವರ್ಷ ಉಳದೈತಿ. ಹರಕಿ ತಪ್ಪಸಾಕ ಆಗಂಗಿಲ್ಲ."

"ಹರಕಿ ನಮ್ಮೂರ ದೇವರದು. ಕಟ್ಟಬ್ಯಾಡ ಅನ್ನಾಕ ನಾನ್ಯಾರು? ವೇಷ ಕಟ್ಟೋನಿಗೆ ಹುಡುಗಿ ಕೊಟ್ರ ಊರು ನಗತೈತಿ, ಅದೂ ಖರೆ," ಅಂದಳು ಅಜ್ಜಿ. "ದೇವರನ್ನೇ ಕೇಳೋಣ. ಹೂವ ಬ್ಯಾಡ, ಬಳೀನ ಕೇಳೋಣ. ಇವತ್ತು ಆಟ ಆಗ್ಲಿ. ಬೆಳಿಗ್ಗಿ ಇಪ್ಪತ್ತನಾಕೂ ಬಳಿ ಒಡೀದಂಗ ಬಂದ್ವು ಅಂದ್ರ, ಇದು ಬಸವಣ್ಣನ ಮಾತು. ಒಂದು ಒಡದ್ರೂ ನಾ ಗಾಡಿ ಹೂಡ್ತೀನಿ. ಆಮ್ಯಾಲ ಯಾರೂ ನನ್ನ ಕಾಲು ಹಿಡೀಬಾರದು."

ಆ ರಾತ್ರಿ ಗುಡಿಯ ಮುಂದಿನ ಆಟದಲ್ಲಿ ಹೆಂಗಸರ ಸಾಲಿನಲ್ಲಿ ಹುಡುಗಿ ನನ್ನ ಪಕ್ಕ ಕುಳಿತಿದ್ದಳು. ಪೆಟ್ಟಿಗೆಯ ಕಿಂಡಿಯಿಂದ ಕೈ ಹೊರಬಂದಾಗ ಜನ ಹೋ ಎಂದರು. ಹಮಾಲನ ಪಾತ್ರದವನು ದಣಿದು ಕೂತಾಗ ಆ ಕೈ ಬಂದು, ಕಾಣದೆ ತಡಕಾಡಿ, ಅವನ ಹಣೆಯ ಬೆವರು ಒರೆಸುತ್ತದೆ. ನಗುತ್ತಿದ್ದ ಅಷ್ಟೂ ಜನ ಅಲ್ಲಿ ಸುಮ್ಮನಾದರು. ನಾನು ಪಕ್ಕಕ್ಕೆ ನೋಡಿದೆ. ಹುಡುಗಿ ತನ್ನ ಬರಿಗೈ ನೋಡಿಕೊಳ್ಳುತ್ತಿದ್ದಳು. ಬರೆದದ್ದು ತಪ್ಪುವುದಿಲ್ಲ ಎಂದು ಮೇಷ್ಟರು ತಾಳ ಹಾಕಿ ಹಾಡುತ್ತಿದ್ದರು. ಅವರಿಗೇನು, ಅವರ ಆಟದ ಕೊನೆ ಅವರಿಗೆ ಗೊತ್ತಿತ್ತು. ನಾನು ಮಾತ್ರ ಇಪ್ಪತ್ತನಾಲ್ಕು ಗಾಜಿನ ಬಳೆ ನೆನೆದು ಕುತ್ತಿಗೆಯ ಲಿಂಗ ಹಿಡಿದುಕೊಂಡೇ ಕೂತಿದ್ದೆ. ಪ್ರತಿ ಸಲ ಆ ಕೈ ಪೆಟ್ಟಿಗೆಗೆ ಬಡಿದಾಗ ನನ್ನ ಜೀವ ಹಾರುತ್ತಿತ್ತು. ಒಂದೂ ಒಡೆಯಲಿಲ್ಲ. ಅದೂ ಒಂದು ಉಪಕಾರ ಎಂದುಕೊಂಡೆ.

ಬೆಳಕು ಹರಿಯುವಾಗ ಮೈದುನ ಬಣ್ಣ ತೊಳೆದುಕೊಂಡು ಬಂದ. ಕಟ್ಟೆಯ ಮೇಲೆ ಅಜ್ಜಿ ಕೂತಳು. ಸಂಬಂಧದ ಮಾತು ಎದ್ದ ಮೇಲೆ ಹುಡುಗಿ ಅವನ ಎದುರಿಗೆ ಬರುವಂತಿಲ್ಲ, ಬಾಗಿಲ ಹಿಂದೆ ನಿಂತಳು, ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು. ನಾನು ಅಂಟುವಾಳದ ನೊರೆ ಹಾಕುತ್ತಿದ್ದೆ. ಬಳೆ ತೆಗೆದು ಕಿಂಡಿಯಲ್ಲಿ ಕೊಟ್ಟರೆ ಅವಳು ದಾರಕ್ಕೆ ಪೋಣಿಸುತ್ತಿದ್ದಳು. ಮೊದಲನೆಯದೇ ಗೆಣ್ಣಿನಲ್ಲಿ ಸಿಕ್ಕಿತು.

"ಹೆಬ್ಬೆರಳು ಒಳಗ ಮಡಚಬೇಕು," ಎಂದು ಬಾಗಿಲ ಹಿಂದಿನಿಂದ ದನಿ ಬಂತು. "ಎತ್ತಿನ ಕಾಲು ಎಳದಂಗ ಎಳೀಬಾರದು."

"ಹೇಳೋದು ಸುಲಭ," ಅಂದ ಮೈದುನ.

"ನಾಕೈದು ವರ್ಷ ಇದೇ ಅಳತಿ ಕೈ ಹೊತ್ತೀನಿ. ನಂಗೇ ಹೇಳ್ತೀರೇನು?"

"ನಿಮ್ಮ ಕೈ ನೇಗಿಲ ಹಿಡಿದಿಲ್ಲ."

"ಬಾಯಿ ಮಡಚ್ರಿ. ಬೆರಳೂ ಮಡಚ್ರಿ."

ಬೆರಳು ಮಡಚಿದ. ಬಳೆ ಬಂತು. ಒಳಗೊಬ್ಬಳು, ಹೊರಗೊಬ್ಬ, ನಡುವೆ ಒಂದು ಕಿಂಡಿ, ಒಂದು ಜಗಳ. ಆಗಷ್ಟೇ ಗುಡಿಯ ಮುಂದೆ ನೋಡಿ ಬಂದದ್ದನ್ನು ಶಿವ ನನ್ನ ಕಟ್ಟೆಯ ಮೇಲೆ ಮತ್ತೊಮ್ಮೆ ಆಡಿಸುತ್ತಿದ್ದ. ವೇಷ ಅದಲುಬದಲಾಗಿತ್ತು ಅಷ್ಟೇ. ನನ್ನ ತೋಳಿನ ಮೇಲೆ ರೋಮ ನಿಂತದ್ದು ನನಗೆ ಇವತ್ತಿಗೂ ನೆನಪಿದೆ. ಯಾವ ದೇಶದ ಭಟ್ಟಿಯಲ್ಲಿ ಬೆಂದ ಗಾಜೋ, ರೈಲು ಹತ್ತಿ ಬಳ್ಳಾರಿಗೆ ಬಂದು, ಒಬ್ಬ ಮುದುಕನ ಹೆಗಲೇರಿ, ಅವನ ಒಂದು ಸುಳ್ಳು ಹಿಡಿದು, ಈ ಎರಡು ಕೈಗಳ ನಡುವೆ ಬಂದು ಕೂತಿತ್ತು.

ಇಪ್ಪತ್ತಮೂರು ಬಂದವು. ಕೊನೆಯದು ಗೆಣ್ಣು ದಾಟಿತು, ಬೆರಳಿಗೆ ಇಳಿಯಿತು, ಬಂತೇ ಬಂತು ಎನ್ನುವಾಗ ನೊರೆಯಲ್ಲಿ ಜಾರಿ ಕಟ್ಟೆಯ ಕಲ್ಲಿಗೆ ತಾಗಿ ಟಣ್ ಎಂದಿತು. ಎರಡು ತುಂಡು.

ಮೈದುನ ಕಣ್ಣು ಮುಚ್ಚಿದ. ಅತ್ತೆ ಒಳಗಿದ್ದರು, ಕಂಡಿರಲಿಲ್ಲ. ನಾನು ತುಂಡುಗಳನ್ನು ಅಂಗೈಯಲ್ಲಿ ಎತ್ತಿಕೊಂಡೆ. ಆಗ ಬಾಗಿಲ ಕಿಂಡಿಯಿಂದ ಒಂದು ಕೈ ಬಂತು. ಉದ್ದನೆಯ ಕೈ, ಬರಿಗೈ, ಅಂಗೈ ಮೇಲೆ ಮಾಡಿ. ನಾನು ತುಂಡು ಇಟ್ಟೆ. ಮುಷ್ಟಿ ಮುಚ್ಚಿತು. ಕೈ ಒಳಗೆ ಹೋಯಿತು.

"ಏನದು ಸಪ್ಪಳ?" ಅಂದಳು ಅಜ್ಜಿ.

"ಕದಕ್ಕ ಬಳಿ ತಾಗ್ತು ಅಜ್ಜಿ."

"ಎಷ್ಟಾದ್ವು?"

"ಇಪ್ಪತ್ತನಾಕು."

ಮೈದುನ ಬಾಯಿ ತೆರೆದ. ಅವನಿಗೆ ಸುಳ್ಳು ಬರುವುದಿಲ್ಲ. ಬಾಗಿಲ ಹಿಂದಿನ ದನಿ ತಡಮಾಡಲಿಲ್ಲ. "ಹೊರಗಿರೋರು ಸುಮ್ನ ಕೈ ತೊಳಕೋರಿ," ಅಂದಿತು. ಅವನು ಬಾಯಿ ಮುಚ್ಚಿದ.

ಅಜ್ಜಿ ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು. "ನೀ ಲಿಂಗ ಕಟ್ಟಿದಾಕಿ. ನೀ ಹೇಳವ್ವ. ಎಲ್ಲಾ ನೆಟ್ಟಗ ಬಂದ್ವೇನು?"

ನನ್ನ ಅಪ್ಪ ನನಗೆ ಅಕ್ಷರ ಕಲಿಸಿದಾಗ ಮೊದಲು ಬರೆಸಿದ್ದು ಸುಳ್ಳಾಡಬಾರದು ಎಂದು. ಹಲಕುಂದಿ ಮಠದಲ್ಲಿ ದೀಕ್ಷೆಯಾದ ದಿನ ಸ್ವಾಮಿಗಳ ಮುಂದೆ ಅದನ್ನೇ ಒಪ್ಪಿಕೊಂಡಿದ್ದೆ. ಎದೆಯ ಮೇಲೆ ಲಿಂಗ ಬಿಸಿಯಾದಂತೆ ಅನ್ನಿಸಿತು. "ಬಂದ್ವು ಅಜ್ಜಿ," ಅಂದೆ. "ಒಂದೂ ಒಡೀಲಿಲ್ಲ."

"ಹಂಗಾದ್ರ ಸಕ್ಕರಿ ತರ್ರಿ," ಅಂದಳು ಅಜ್ಜಿ. "ಗಾಡಿ ಹೂಡೋದು ಇವತ್ತಲ್ಲ."

ಒಳಗೆ ಅತ್ತೆ ಅಳುವುದು ಕೇಳಿಸಿತು. ಮೈದುನ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ಸಾಬಣ್ಣ ಕೊಟ್ಟಿಗೆಯ ಕಡೆಯಿಂದ ಬಂದು, ಯಾರೂ ಕರೆಯದಿದ್ದರೂ, ಅಂಗಳದಲ್ಲಿ ನಿಂತು ಎರಡೂ ಕೈ ಮೇಲೆತ್ತಿ ದುವಾ ಮಾಡಿದ.

ನಾನು ಒಳಗೆ ಹೋದಾಗ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಮುಷ್ಟಿ ಇನ್ನೂ ಬಿಗಿಯಾಗಿತ್ತು, ಬೆರಳ ಸಂದಿಯಲ್ಲಿ ರಕ್ತ. ಬಿಡಿಸಿ, ಅರಿಶಿನ ಮೆತ್ತಿದೆ. ತುಂಡುಗಳನ್ನು ಒಲೆಯ ಬೂದಿಯಲ್ಲಿ ಹುಗಿದೆ.

"ಅಕ್ಕಾ, ದೇವರ ಮಾತು ನಾನು ಸುಳ್ಳು ಮಾಡಿದೆನೇನು?" ಅಂದಳು ಪಿಸುಮಾತಿನಲ್ಲಿ. "ಪಾಪ ಬರ್ತೈತೇನು?"

"ಬಂದ್ರ ಅರ್ಧ ನಂದು," ಅಂದೆ.

ಆ ಮುಂಜಾನೆ ಪೂಜೆಗೆ ಕೂತಾಗ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಶಿವನಿಗೆ ಕೋಪ ಬಂದಿದ್ದರೆ ತಿಳಿಯುತ್ತದೆ, ತಿಳಿದವರಿಗೆ ತಿಳಿಯುತ್ತದೆ. ಕೋಪ ಕಾಣಲಿಲ್ಲ. ಇಪ್ಪತ್ತಮೂರು ಅವನು ಉಳಿಸಿಕೊಟ್ಟಿದ್ದ, ಒಂದನ್ನು ಆ ಹುಡುಗಿಯ ಮನಸ್ಸಿಗೇ ಬಿಟ್ಟಿದ್ದನೋ ಏನೋ. ಅಜ್ಜಿಯ ಕಣ್ಣಿಗೆ ಪೊರೆ ಕೊಟ್ಟವನೂ ಅವನೇ. ಹರಿ ಬ್ರಹ್ಮರಿಗೇ ಅವನ ಅಳತೆ ಹಿಡಿಯುವುದಕ್ಕೆ ಆಗಲಿಲ್ಲ, ನಾನಂತೂ ಪಾತ್ರೆ ತೊಳೆಯುವ ಹೆಂಗಸು. ತಲೆ ಬಾಗಿಸಿ, ವಿಭೂತಿ ಹಚ್ಚಿಕೊಂಡು ಎದ್ದೆ.

ಕಟ್ಟೆಯ ಮೇಲೆ ಅಜ್ಜಿ ಮಜ್ಜಿಗೆ ಕೇಳುತ್ತಿದ್ದಳು. ಮೊಸರಿನ ಗಡಿಗೆಯನ್ನು ಕಂಬದ ಹತ್ತಿರ ಎಳೆದು, ಕಡೆಗೋಲಿಗೆ ಹಗ್ಗ ಸುತ್ತಿ, ಕಡೆಯಲು ಕುಳಿತೆ.